ಹಿಮದ ಮೇಲೆ ದಾರಿ ಕಂಡುಕೊಂಡ ರೈತನ ಮಗ: ಅರ್ಮಾಂಡ್ ಬೊಂಬಾರ್ಡಿಯರ್



ಮಳೆಗಾಲದಲ್ಲಿ ಹಳ್ಳ ತುಂಬಿ ಹರಿದು, ಊರಿನಿಂದ ಪೇಟೆಗೆ ಹೋಗುವ ದಾರಿ ಕಡಿದುಹೋಗುವುದು ನಿಮ್ಮಲ್ಲಿ ಹಲವರಿಗೆ ಅನುಭವದ ಮಾತು. ಅಂಥ ದಿನದಲ್ಲಿ ಮನೆಯಲ್ಲಿ ಯಾರಿಗಾದರೂ ಕಾಯಿಲೆ ಜೋರಾದರೆ ಪಡುವ ಪಾಡನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಈ ತೊಂದರೆ ಕೆಲವು ದಿನಗಳದ್ದು. ಆದರೆ ಭೂಮಿಯ ಉತ್ತರ ಭಾಗದ ಶೀತ ದೇಶಗಳಲ್ಲಿ ಇದೇ ತೊಂದರೆ ವರ್ಷಕ್ಕೆ ನಾಲ್ಕೈದು ತಿಂಗಳು ಇರುತ್ತಿತ್ತು. ಅಲ್ಲಿ ದಾರಿಯನ್ನು ಮುಚ್ಚುತ್ತಿದ್ದುದು ನೀರಲ್ಲ, ಹಿಮ. ಆಳೆತ್ತರ ಬಿದ್ದ ಹಿಮದಲ್ಲಿ ಕಾರು ಹೋಗದು, ಲಾರಿ ಹೋಗದು. ಕುದುರೆ ಕಟ್ಟಿದ ಜಾರುಬಂಡಿ ಹೋದರೆ ಹೋಯಿತು, ಇಲ್ಲದಿದ್ದರೆ ಇಲ್ಲ.

ಈ ಹಿಮದ ಮೇಲೆ ಓಡುವ ಬಂಡಿಯನ್ನು ತಯಾರಿಸಿ, ಅದನ್ನು ಹಳ್ಳಿಹಳ್ಳಿಗೂ ಮುಟ್ಟಿಸಿದವರು ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯರ್. ಕೆನಡಾ ದೇಶದ ಕ್ವಿಬೆಕ್ ಪ್ರಾಂತದ ಒಂದು ಸಣ್ಣ ಊರಿನವರು. ಕಾಲೇಜು ಮೆಟ್ಟಿಲು ಹತ್ತಿದ ಎಂಜಿನಿಯರ್ ಅಲ್ಲ. ಗ್ಯಾರೇಜಿನಲ್ಲಿ ಕೈ ಮಸಿ ಮಾಡಿಕೊಂಡು ಕೆಲಸ ಕಲಿತವರು. ಇಂದು ಶ್ರೀಮಂತ ದೇಶಗಳಲ್ಲಿ ಜನ ಮೋಜಿಗಾಗಿ ಹಿಮದ ಮೇಲೆ ಓಡಿಸುವ ಸ್ನೋಮೊಬೈಲ್ ಎಂಬ ವಾಹನದ ಚರಿತ್ರೆಯಲ್ಲಿ ಇವರ ಹೆಸರು ಬಹು ದೊಡ್ಡದು. ಆದರೆ ಇವರು ಹೊರಟದ್ದು ಮೋಜಿನ ಬಂಡಿ ಮಾಡಲು ಅಲ್ಲ. ಇವರ ಬದುಕನ್ನು ಓದಿದರೆ ಅದು ನಿಮಗೇ ತಿಳಿಯುತ್ತದೆ.

ಹುಟ್ಟೂರು ಮತ್ತು ಬಾಲ್ಯ

ಮಾಂಟ್ರಿಯಲ್ ಎಂಬ ದೊಡ್ಡ ನಗರದಿಂದ ಪೂರ್ವಕ್ಕೆ ಸುಮಾರು 120 ಕಿಲೋಮೀಟರ್ ದೂರದಲ್ಲಿ ವಾಲ್‌ಕೋರ್ ಎಂಬ ಊರಿದೆ. ಹಾಲು ಮಾರುವ ರೈತರು, ಮೇಪಲ್ ಮರದ ರಸ ಕಾಯಿಸಿ ಪಾಕ ತೆಗೆಯುವವರು, ಕಾಡಿನಲ್ಲಿ ಮರ ಕಡಿಯುವವರು ಇರುವ ಸೀಮೆ ಅದು. ಜನರ ಮಾತು ಫ್ರೆಂಚ್. ಈ ಊರಿನ ಬಳಿ 1907ರ ಏಪ್ರಿಲ್ 16ರಂದು ಬೊಂಬಾರ್ಡಿಯರ್ ಹುಟ್ಟಿದರು. ತಂದೆ ಆಲ್ಫ್ರೆಡ್, ತಾಯಿ ಅನ್ನಾ. ಎಂಟು ಮಕ್ಕಳಲ್ಲಿ ಇವರೇ ಹಿರಿಯರು. ತಂದೆ ಮೊದಲು ಬೇಸಾಯ ಮಾಡಿಕೊಂಡಿದ್ದು, ಆಮೇಲೆ ಊರಿನಲ್ಲಿ ಒಂದು ದಿನಸಿ ಅಂಗಡಿ ನಡೆಸುತ್ತಿದ್ದರು.

ಹುಡುಗನಿಗೆ ಚಿಕ್ಕಂದಿನಿಂದಲೂ ಯಂತ್ರಗಳ ಹುಚ್ಚು. ಹಳೆಯ ಗಡಿಯಾರದ ಚಕ್ರಗಳನ್ನು ಬಿಚ್ಚಿ ಆಟಿಕೆಯ ಬಂಡಿಗಳಿಗೆ ಜೋಡಿಸಿ ಓಡಿಸುತ್ತಿದ್ದ. ಯಾವುದನ್ನು ಕಂಡರೂ ಬಿಚ್ಚಿ ನೋಡಬೇಕು, ಮತ್ತೆ ಜೋಡಿಸಬೇಕು. ಇಂಥ ಮಕ್ಕಳು ನಿಮ್ಮ ಊರಿನಲ್ಲೂ ಇದ್ದಾರೆ. ಮನೆಯವರಿಂದ ಬೈಸಿಕೊಳ್ಳುತ್ತಲೂ ಇರುತ್ತಾರೆ. ಅರ್ಮಾಂಡನ ಕಾಟ ತಡೆಯಲಾರದೆ ತಂದೆ ಒಂದು ಹಳೆಯ ಫೋರ್ಡ್ ಕಾರನ್ನು ಅವನ ಕೈಗೆ ಕೊಟ್ಟರು. ಅದರ ಎಂಜಿನ್ ಬಿಚ್ಚಿ ಕಲಿಯಲಿ ಎಂಬುದಷ್ಟೇ ಅವರ ಎಣಿಕೆ.

ಹುಡುಗ ಆ ಎಂಜಿನನ್ನು ಬೇರೆ ಕೆಲಸಕ್ಕೆ ಹಚ್ಚಿದ. ಎರಡು ಜಾರುಬಂಡಿಗಳನ್ನು ಒಂದರ ಹಿಂದೊಂದು ಕಟ್ಟಿ, ಅದರ ಮೇಲೆ ಎಂಜಿನ್ ಕೂರಿಸಿ, ವಿಮಾನಕ್ಕೆ ಇರುವಂಥ ಮರದ ರೆಕ್ಕೆಯನ್ನು ಹಿಂದುಗಡೆ ಜೋಡಿಸಿದ. ರೆಕ್ಕೆ ತಿರುಗಿ ಗಾಳಿಯನ್ನು ಹಿಂದಕ್ಕೆ ತಳ್ಳಿದರೆ ಬಂಡಿ ಮುಂದಕ್ಕೆ ಹೋಗಬೇಕು. 1922ರ ಡಿಸೆಂಬರ್ 31ರಂದು, ಹದಿನೈದು ವರ್ಷದ ಈ ಹುಡುಗ ತಮ್ಮ ಲಿಯೋಪೋಲ್ಡನನ್ನು ಮುಂದೆ ಕೂರಿಸಿ, ಊರ ಬೀದಿಯಲ್ಲಿ ಬಂಡಿ ಓಡಿಸಿಯೇಬಿಟ್ಟ. ಊರವರು ಬಾಯಿ ಬಿಟ್ಟುಕೊಂಡು ನೋಡಿದರು. ಆದರೆ ಬರಿ ಮೈಯಲ್ಲಿ ಗಿರ್ರನೆ ತಿರುಗುವ ಆ ರೆಕ್ಕೆಗೆ ಯಾರ ಕೈಯಾದರೂ ಸಿಕ್ಕಿದರೆ ಗತಿಯೇನು? ತಂದೆ ಅಂದೇ ಬಂಡಿಯನ್ನು ಬಿಚ್ಚಿಹಾಕುವಂತೆ ಅಪ್ಪಣೆ ಮಾಡಿದರು. ಹುಡುಗ ಬಿಚ್ಚಿದ. ಬಂಡಿ ಹೋಯಿತು, ಯೋಚನೆ ಉಳಿಯಿತು.

ಪಾದ್ರಿಯಾಗಬೇಕಿದ್ದವರು ಮೆಕ್ಯಾನಿಕ್ ಆದರು

ಹಿರಿಯ ಮಗ ಪಾದ್ರಿಯಾಗಲಿ ಎಂಬುದು ಮನೆಯವರ ಆಸೆ. ಅದಕ್ಕಾಗಿ ಅರ್ಮಾಂಡನನ್ನು ಶೆರ್‌ಬ್ರೂಕ್ ನಗರದ ಧಾರ್ಮಿಕ ವಿದ್ಯಾಲಯಕ್ಕೆ ಕಳುಹಿಸಿದ್ದರು. ಮಗನ ಮನಸ್ಸು ಅಲ್ಲಿ ನಿಲ್ಲಲಿಲ್ಲ. 1924ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ತಂದೆಯನ್ನು ಒಪ್ಪಿಸಿ ಆ ವಿದ್ಯೆ ಬಿಟ್ಟರು. ಹತ್ತಿರದ ಸೌತ್ ಸ್ಟೂಕ್ಲಿ ಎಂಬ ಊರಿನ ಗ್ಯಾರೇಜಿನಲ್ಲಿ ಕೆಲಸ ಕಲಿಯಲು ಸೇರಿದರು. ಅಲ್ಲಿಂದ ಮಾಂಟ್ರಿಯಲ್‌ಗೆ ಹೋಗಿ ಹಗಲು ಗ್ಯಾರೇಜಿನಲ್ಲಿ ದುಡಿದು, ರಾತ್ರಿ ಯಂತ್ರವಿದ್ಯೆ ಮತ್ತು ವಿದ್ಯುತ್ ಕೆಲಸದ ಪಾಠಗಳಿಗೆ ಹೋದರು. ಯಂತ್ರಗಳ ಬಗೆಗಿನ ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿದ್ದುದರಿಂದ ಓದಿ ಓದಿ ಆ ಭಾಷೆಯನ್ನೂ ಕಲಿತುಕೊಂಡರು.

1926ರಲ್ಲಿ ಊರಿಗೆ ಮರಳಿದಾಗ ಅವರಿಗೆ ಹತ್ತೊಂಬತ್ತು ವರ್ಷ. ತಂದೆ ಹಣ ಕೊಟ್ಟು ಒಂದು ಗ್ಯಾರೇಜು ಕಟ್ಟಿಸಿಕೊಟ್ಟರು. ಕೊಟ್ಟದ್ದು ಸಾಲವಾಗಿ, ಮಗ ಅದನ್ನು ಕೆಲವೇ ವರ್ಷಗಳಲ್ಲಿ ತೀರಿಸಿದರು. ಕಾರು, ಪಂಪು, ಬೇಸಾಯದ ಯಂತ್ರ, ಏನೇ ಕೆಟ್ಟರೂ ಸುತ್ತಲಿನ ರೈತರು ಇವರ ಬಳಿಗೇ ತರುತ್ತಿದ್ದರು. ಬೇಕಾದ ಬಿಡಿಭಾಗ ಪೇಟೆಯಲ್ಲಿ ಸಿಗದಿದ್ದರೆ ತಾವೇ ಮಾಡಿಕೊಡುತ್ತಿದ್ದರು. 1929ರಲ್ಲಿ ಇವೋನ್ ಲಾಬ್ರೆಕ್ ಎಂಬುವರನ್ನು ಮದುವೆಯಾದರು.

ಬೇಸಿಗೆಯಲ್ಲಿ ಗ್ಯಾರೇಜಿಗೆ ಕೈ ತುಂಬ ಕೆಲಸ. ಚಳಿಗಾಲ ಬಂತೆಂದರೆ ಕೆಲಸವಿಲ್ಲ. ಏಕೆಂದರೆ ಹಿಮ ಬಿದ್ದೊಡನೆ ಕಾರು ಇದ್ದವರೆಲ್ಲ ಅದನ್ನು ಕೊಟ್ಟಿಗೆಗೆ ಸೇರಿಸಿ, ಚಕ್ರ ನೆಲಕ್ಕೆ ತಾಗದಂತೆ ಮರದ ದಿಮ್ಮಿಯ ಮೇಲೆ ನಿಲ್ಲಿಸಿಬಿಡುತ್ತಿದ್ದರು. ವಸಂತಕಾಲದಲ್ಲಿ ಹಿಮ ಕರಗುವತನಕ ಅದು ಹೊರಗೆ ಬರುತ್ತಿರಲಿಲ್ಲ. ಈ ಬಿಡುವಿನ ತಿಂಗಳುಗಳಲ್ಲೆಲ್ಲ ಬೊಂಬಾರ್ಡಿಯರ್ ಹಿಮದ ಬಂಡಿಯ ಪ್ರಯೋಗದಲ್ಲಿ ಮುಳುಗಿರುತ್ತಿದ್ದರು. ಒಂದು ವರ್ಷ ಒಂದು ಮಾದರಿ. ಅದು ಕೆಟ್ಟಿತೆಂದು ಮರುವರ್ಷ ಇನ್ನೊಂದು. ಹೀಗೆ ಸುಮಾರು ಹತ್ತು ಚಳಿಗಾಲಗಳು ಕಳೆದವು.

ಕಷ್ಟ ಇದ್ದದ್ದು ಎಲ್ಲಿ?

ಹೊಸದಾಗಿ ಬಿದ್ದ ಹಿಮ, ಕಣದಲ್ಲಿ ತೂರಿ ಬಿಟ್ಟ ಹೊಟ್ಟಿನ ರಾಶಿಯಂತೆ ಸಡಿಲವಾಗಿರುತ್ತದೆ. ಅದರ ಮೇಲೆ ಭಾರದ ಚಕ್ರ ಇಟ್ಟರೆ ಹೂತುಹೋಗುತ್ತದೆ; ಎಂಜಿನ್ ಜೋರು ಮಾಡಿದಷ್ಟೂ ಚಕ್ರ ಇದ್ದಲ್ಲೇ ತಿರುಗಿ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಕೆಸರು ಗದ್ದೆಯಲ್ಲಿ ಟ್ರ್ಯಾಕ್ಟರ್ ಸಿಕ್ಕಿಕೊಂಡದ್ದನ್ನು ಕಂಡವರಿಗೆ ಇದು ಚೆನ್ನಾಗಿ ಅರ್ಥವಾದೀತು. ಅದಕ್ಕೇ ಅಲ್ಲವೇ ನಾವು ನಾಟಿಗೆ ಗದ್ದೆ ಹದ ಮಾಡುವಾಗ ಟ್ರ್ಯಾಕ್ಟರಿಗೆ ಅಗಲವಾದ ಕಬ್ಬಿಣದ ಕೇಜ್‌ವೀಲ್ ಕಟ್ಟುವುದು? ಕೆಸರಿನ ಮೇಲೆ ಹಲಗೆ ಹಾಸಿ ನಡೆದರೆ ಕಾಲು ಹೂಳುವುದಿಲ್ಲ. ಭಾರ ಅಗಲಕ್ಕೆ ಹಂಚಿಹೋಗಬೇಕು, ಜೊತೆಗೆ ಹಿಡಿತವೂ ಸಿಗಬೇಕು. ಇದೇ ಉಪಾಯ.

ಹಿಮಕ್ಕೆ ಈ ಉಪಾಯವನ್ನು ಹೊಂದಿಸಿದವರು ಬೊಂಬಾರ್ಡಿಯರ್‌ಗಿಂತ ಮೊದಲೂ ಇದ್ದರು ಎಂಬುದನ್ನು ಹೇಳಬೇಕು. ರಷ್ಯದ ಚಕ್ರವರ್ತಿಯ ಕಾರುಗಳನ್ನು ನೋಡಿಕೊಳ್ಳುತ್ತಿದ್ದ ಫ್ರಾನ್ಸಿನ ಅಡಾಲ್ಫ್ ಕೆಗ್ರೆಸ್ ಎಂಬ ಎಂಜಿನಿಯರ್ ಕಾರಿನ ಹಿಂಗಾಲಿಗೆ ರಬ್ಬರ್ ಪಟ್ಟೆ ಹಾಕಿ ಹಿಮದಲ್ಲಿ ಓಡಿಸಿದ್ದರು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕಾರ್ಲ್ ಎಲಿಯಾಸನ್ ಎಂಬುವರು 1924ರಲ್ಲಿ ಎಂಜಿನ್ ಇರುವ ಸಣ್ಣ ಜಾರುಹಲಗೆಯೊಂದನ್ನು ಮಾಡಿದ್ದರು. ಆದರೆ ಒಂದು ಹಳ್ಳಿಯ ಜನರನ್ನು, ರೋಗಿಯನ್ನು, ಅಂಚೆಯನ್ನು ಹೊತ್ತು ದಿನವೂ ಓಡಬಲ್ಲ, ಕೈಗೆಟುಕುವ ಬಂಡಿ ಇನ್ನೂ ಬಂದಿರಲಿಲ್ಲ. ಚಕ್ರಕ್ಕೂ ಪಟ್ಟೆಗೂ ನಡುವೆ ಹಿಮ ಸೇರಿ ಗಟ್ಟಿಯಾಗಿ ಪಟ್ಟೆ ಕಳಚಿಹೋಗುವುದು ದೊಡ್ಡ ತೊಂದರೆಯಾಗಿತ್ತು.

1934ರ ಚಳಿಗಾಲ

1934ರ ಜನವರಿಯಲ್ಲಿ ಬೊಂಬಾರ್ಡಿಯರ್ ದಂಪತಿಗಳ ಎರಡು ವರ್ಷದ ಮಗ ಇವೋನ್‌ಗೆ ಹೊಟ್ಟೆನೋವು ಬಂತು. ಕರುಳಿನ ಬಾಧೆ ಹೊಟ್ಟೆಯೊಳಗೆಲ್ಲ ನಂಜಾಗಿ ಹರಡಿತು. ಶಸ್ತ್ರಚಿಕಿತ್ಸೆ ಮಾಡಿದರೆ ಮಾತ್ರ ಬದುಕುವಂಥ ಕಾಯಿಲೆ. ಆಸ್ಪತ್ರೆ ಇದ್ದದ್ದು ಸುಮಾರು ಐವತ್ತು ಕಿಲೋಮೀಟರ್ ದೂರದ ಶೆರ್‌ಬ್ರೂಕ್‌ನಲ್ಲಿ. ದಾರಿಗಳೆಲ್ಲ ಹಿಮದಿಂದ ಮುಚ್ಚಿಹೋಗಿದ್ದವು. ಗ್ಯಾರೇಜಿನಲ್ಲಿದ್ದ ಪ್ರಯೋಗದ ಬಂಡಿ ಓಡುವ ಸ್ಥಿತಿಯಲ್ಲಿರಲಿಲ್ಲ. ಮಗುವನ್ನು ಆಸ್ಪತ್ರೆಗೆ ಮುಟ್ಟಿಸಲಾಗಲಿಲ್ಲ. ಮಗು ತೀರಿಕೊಂಡಿತು.

ಊರಿಗೆಲ್ಲ ಬಂಡಿ ರಿಪೇರಿ ಮಾಡಿಕೊಡುವ ತಂದೆ, ತನ್ನ ಮಗುವನ್ನು ಕರೆದೊಯ್ಯಲು ಬಂಡಿಯಿಲ್ಲದೆ ನಿಂತಿದ್ದರು. ಇದಕ್ಕಿಂತ ಹೆಚ್ಚಿಗೆ ಇಲ್ಲಿ ಹೇಳುವ ಅಗತ್ಯವಿಲ್ಲ. ಬೊಂಬಾರ್ಡಿಯರ್ ಅದಕ್ಕೂ ಮೊದಲೇ ಹಿಮದ ಬಂಡಿಯ ಕೆಲಸ ಹಿಡಿದಿದ್ದರು ನಿಜ. ಆದರೆ ಆ ಸಾವಿನ ನಂತರ ಒಂದು ವರ್ಷದೊಳಗೆ, 1935ರಲ್ಲಿ, ಅವರ ಕೈಯಲ್ಲಿ ಪ್ರಯೋಗ ಕೂಡಿಬಂತು.

ಹೊಸ ಬಂಡಿ

ಅವರು ಕಂಡುಕೊಂಡ ಉಪಾಯ ಸರಳವಾಗಿತ್ತು. ಎಂಜಿನಿನಿಂದ ತಿರುಗುವ ಹಲ್ಲುಚಕ್ರಕ್ಕೆ ರಬ್ಬರಿನ ಹೊದಿಕೆ ಹಾಕಿದರು. ಬಟ್ಟೆಯ ಪದರ ಕೊಟ್ಟು ಗಟ್ಟಿ ಮಾಡಿದ ರಬ್ಬರ್ ಪಟ್ಟೆಗಳಿಗೆ ಅಡ್ಡಡ್ಡವಾಗಿ ಉಕ್ಕಿನ ಪಟ್ಟಿಗಳನ್ನು ಬಿಗಿದು, ಅದನ್ನು ಚಕ್ರಗಳ ಸುತ್ತ ಹಾಯಿಸಿದರು. ಸೈಕಲಿನ ಚೈನಿನ ಕೊಂಡಿಗಳ ನಡುವೆ ಚಕ್ರದ ಹಲ್ಲು ಕೂರುವಂತೆ, ಉಕ್ಕಿನ ಪಟ್ಟಿಗಳ ನಡುವೆ ಈ ಹಲ್ಲುಚಕ್ರ ಕೂರುತ್ತಿತ್ತು. ಹಲ್ಲುಗಳಿಗೆ ರಬ್ಬರ್ ಇದ್ದುದರಿಂದ ಹಿಮ ಅಂಟಿ ಗಟ್ಟಿಯಾಗುತ್ತಿರಲಿಲ್ಲ, ಪಟ್ಟೆ ಕಳಚುತ್ತಿರಲಿಲ್ಲ. ಹಿಂದುಗಡೆ ಇಂಥ ಎರಡು ಪಟ್ಟೆಗಳು, ಮುಂದುಗಡೆ ಚಕ್ರದ ಬದಲು ಜಾರುವ ಹಲಗೆಗಳು. ಚಾಲಕ ಸ್ಟಿಯರಿಂಗ್ ತಿರುಗಿಸಿದರೆ ಆ ಹಲಗೆಗಳು ತಿರುಗಿ ಬಂಡಿಗೆ ದಿಕ್ಕು ಕೊಡುತ್ತಿದ್ದವು. ಇದಕ್ಕೆ 1937ರಲ್ಲಿ ಪೇಟೆಂಟ್ ಸಿಕ್ಕಿತು. ಬೇರೆಯವರು ಅನುಮತಿಯಿಲ್ಲದೆ ಅದನ್ನು ತಯಾರಿಸಿ ಮಾರುವಂತಿಲ್ಲ ಎಂಬ ಸರ್ಕಾರದ ಹಕ್ಕುಪತ್ರವೇ ಪೇಟೆಂಟ್. ಅವರು ತಮ್ಮ ಜೀವಮಾನದಲ್ಲಿ ಇಂಥ 40ಕ್ಕೂ ಹೆಚ್ಚು ಪೇಟೆಂಟುಗಳನ್ನು ಪಡೆದರು.

ಮೊದಲ ಬಂಡಿಗೆ ಬಿ-7 ಎಂದು ಹೆಸರು. ಬಿ ಎಂದರೆ ಬೊಂಬಾರ್ಡಿಯರ್, 7 ಎಂದರೆ ಏಳು ಜನ ಕೂರಬಹುದು ಎಂದು. ಮೈಯೆಲ್ಲ ಪ್ಲೈವುಡ್ಡಿನದು. ಕೊಂಡವರು ಯಾರು? ಹಳ್ಳಿ ಸುತ್ತುವ ವೈದ್ಯರು, ದನದ ಡಾಕ್ಟರು, ಪಾದ್ರಿಗಳು, ಅಂಚೆಯವರು, ಬಾಡಿಗೆ ಗಾಡಿ ಓಡಿಸುವವರು, ಹೋಟೆಲಿನವರು. ಅಂದರೆ ಚಳಿಗಾಲದಲ್ಲೂ ಮನೆಯಲ್ಲಿ ಕೂರಲಾಗದ ಜನ. ಬೇಡಿಕೆ ಹೆಚ್ಚಿದಂತೆ ಗ್ಯಾರೇಜು ಸಾಲದಾಯಿತು. ತಮ್ಮಂದಿರನ್ನೂ ಜೊತೆಗೆ ಸೇರಿಸಿಕೊಂಡು ವಾಲ್‌ಕೋರಿನಲ್ಲೇ ಕಾರ್ಖಾನೆ ಕಟ್ಟಿದರು. 1941ರ ಹೊತ್ತಿಗೆ ಅದು ವರ್ಷಕ್ಕೆ 200 ಬಂಡಿ ತಯಾರಿಸುವ ಶಕ್ತಿ ಪಡೆದಿತ್ತು. ಹನ್ನೆರಡು ಜನ ಕೂರುವ ಬಿ-12 ಎಂಬ ದೊಡ್ಡ ಬಂಡಿ ಬಂತು. ಅದನ್ನು ಆಂಬ್ಯುಲೆನ್ಸ್ ಆಗಿ ಬಳಸಿದರು, ಅಂಚೆ ಸಾಗಿಸಿದರು. ಶಾಲೆಯ ಮಕ್ಕಳಿಗಾಗಿ ಇನ್ನೂ ದೊಡ್ಡದಾದ ಸಿ-18 ಎಂಬ ಬಂಡಿ ತಯಾರಾಯಿತು. 1942ರ ಜುಲೈ 10ರಂದು ಕಂಪನಿಯನ್ನು ಕಾನೂನುಬದ್ಧವಾಗಿ ನೋಂದಾಯಿಸಿದರು.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಕಬ್ಬಿಣ, ರಬ್ಬರ್ ಎಲ್ಲಕ್ಕೂ ಹಿಡಿತ. ಹಿಮದ ಬಂಡಿ ಅಗತ್ಯವೆಂದು ತೋರಿಸಿದವರಿಗೆ ಮಾತ್ರ ಮಾರಬೇಕೆಂದು ಸರ್ಕಾರ ಕಟ್ಟುಮಾಡಿತು. ಬೊಂಬಾರ್ಡಿಯರ್ ಸೈನ್ಯಕ್ಕಾಗಿ ಹಿಮದ ಮೇಲೆ ಓಡುವ ವಾಹನಗಳನ್ನು ರೂಪಿಸಿಕೊಟ್ಟರು. ಯುದ್ಧ ಮುಗಿದ ಮೇಲೆ ಊರಿನ ಕಾರ್ಖಾನೆಗೆ ಮತ್ತೆ ಬಿಡುವಿಲ್ಲದ ಕೆಲಸ ಬಂತು.

ಒಳ್ಳೆಯ ರಸ್ತೆ ಬಂತು, ವ್ಯಾಪಾರ ಬಿತ್ತು

ಈಗ ಗಮನವಿಟ್ಟು ಓದಬೇಕಾದ ಸಂಗತಿ ಬರುತ್ತದೆ. 1948ರಲ್ಲಿ ಕ್ವಿಬೆಕ್ ಸರ್ಕಾರ ಹಳ್ಳಿಗಳ ರಸ್ತೆಗಳಿಂದಲೂ ಚಳಿಗಾಲದಲ್ಲಿ ಹಿಮ ತೆಗೆಸುವ ಏರ್ಪಾಡು ಮಾಡಿತು. ಯಂತ್ರ ಬಂದು ಹಿಮವನ್ನು ಬದಿಗೆ ತಳ್ಳಿದರೆ ಮಾಮೂಲಿ ಕಾರೇ ಓಡುತ್ತದೆ. ಆಮೇಲೆ ಹಿಮದ ಬಂಡಿ ಏಕೆ? ಹಳ್ಳಿಗರಿಗೆ ಇದು ವರದಾನ. ಬೊಂಬಾರ್ಡಿಯರ್ ತಾವೇ ಬಯಸುತ್ತಿದ್ದ ಅನುಕೂಲ. ಆದರೆ ಅವರ ಬಂಡಿಯ ಮಾರಾಟ ಒಂದೇ ವರ್ಷದಲ್ಲಿ ಥಟ್ಟನೆ ಕುಸಿಯಿತು. ಒಂದೇ ಬೆಳೆ ನಂಬಿದ ರೈತನಿಗೆ ಆ ಬೆಳೆಯ ಬೆಲೆ ಬಿದ್ದರೆ ಆಗುವಂಥ ಪರಿಸ್ಥಿತಿ.

ಅವರು ಏನು ಮಾಡಿದರು? ಕಾರ್ಖಾನೆ ಮುಚ್ಚಲಿಲ್ಲ. ತಮ್ಮ ಕೈಯಲ್ಲಿರುವ ವಿದ್ಯೆ ಯಾವುದು ಎಂದು ಯೋಚಿಸಿದರು. ಸಡಿಲ ನೆಲದ ಮೇಲೆ ಭಾರ ಹೂಳದಂತೆ ಓಡಿಸುವುದೇ ಆ ವಿದ್ಯೆ. ಸಡಿಲ ನೆಲ ಎಂದರೆ ಹಿಮವೊಂದೇ ಅಲ್ಲವಲ್ಲ. ಮೊದಲು ಬೇಸಾಯದ ಟ್ರ್ಯಾಕ್ಟರನ್ನು ಹಿಡಿದರು. ಟ್ರ್ಯಾಕ್ಟರಿನ ಹಿಂಚಕ್ರದ ಮುಂದೆ ಇನ್ನೊಂದು ಸಣ್ಣ ಚಕ್ರ ಕೂರಿಸಿ, ಎರಡನ್ನೂ ಸುತ್ತುವಂತೆ ಪಟ್ಟೆ ಹಾಕುವ ಉಪಕರಣ ತಯಾರಿಸಿದರು. ರೈತ ತನ್ನಲ್ಲಿರುವ ಟ್ರ್ಯಾಕ್ಟರಿಗೇ ಇದನ್ನು ಜೋಡಿಸಿಕೊಂಡು ಕೆಸರಿನಲ್ಲಿ, ಹಿಮದಲ್ಲಿ, ಕಾಡಿನಲ್ಲಿ ಕೆಲಸ ಮಾಡಬಹುದು, ಬೇಡವಾದಾಗ ಬಿಚ್ಚಿಡಬಹುದು. ಹೊಸ ಟ್ರ್ಯಾಕ್ಟರ್ ಕೊಳ್ಳಬೇಕಾಗಿಲ್ಲ. ಇದಕ್ಕೆ ಕೆನಡಾದಲ್ಲೂ ಹೊರಗೂ ಬೇಡಿಕೆ ಬಂತು.

ಮುಂದೆ 1953ರ ಹೊತ್ತಿಗೆ ಮಸ್ಕೆಗ್ ಎಂಬ ಟ್ರ್ಯಾಕ್ಟರ್ ಬಂತು. ಮಸ್ಕೆಗ್ ಎಂದರೆ ಉತ್ತರ ಕೆನಡಾದ ಮೂಲನಿವಾಸಿಗಳ ಮಾತಿನಲ್ಲಿ ಜವುಗು ನೆಲ. ಅಗಲವಾದ ಪಟ್ಟೆಗಳ ಮೇಲೆ ಓಡುವ ಈ ಯಂತ್ರ ಕಾಲಿಟ್ಟರೆ ಕುಸಿಯುವ ಜವುಗಿನಲ್ಲೂ ಹೂಳದೆ ಹೋಗುತ್ತಿತ್ತು. ಮರ ಸಾಗಿಸಲು, ವಿದ್ಯುತ್ ಕಂಬ ನೆಡಲು, ತೈಲ ಹುಡುಕಲು ಇದನ್ನು ಬಳಸಿದರು. 1957-58ರಲ್ಲಿ ವಿವಿಯನ್ ಫುಕ್ಸ್ ಅವರ ತಂಡ ದಕ್ಷಿಣ ಧ್ರುವದ ಹಿಮಖಂಡವನ್ನು ದಾಟಲು ಹೊರಟಾಗ ಅವರ ವಾಹನಗಳಲ್ಲಿ ಒಂದು ಮಸ್ಕೆಗ್ ಕೂಡ ಇತ್ತು. ಅದೇ ಯಾತ್ರೆಯಲ್ಲಿ ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ ಅವರು ಇನ್ನೊಂದು ಕಡೆಯಿಂದ ಹೊರಟು, ಪಟ್ಟೆ ಕಟ್ಟಿದ ಫರ್ಗ್ಯುಸನ್ ಬೇಸಾಯದ ಟ್ರ್ಯಾಕ್ಟರುಗಳಲ್ಲೇ 1958ರ ಜನವರಿ 4ರಂದು ದಕ್ಷಿಣ ಧ್ರುವ ಮುಟ್ಟಿದರು. ಹೊಲ ಉಳುವ ಟ್ರ್ಯಾಕ್ಟರು ಧ್ರುವ ಮುಟ್ಟಿತು ಎಂಬುದು ರೈತರು ನೆನಪಿಡಬೇಕಾದ ಸಂಗತಿ.

ಒಬ್ಬರು ಕೂರುವ ಸಣ್ಣ ಬಂಡಿ

ಇಷ್ಟಾದರೂ ಬೊಂಬಾರ್ಡಿಯರ್ ಮನಸ್ಸಿನಲ್ಲಿ ಹುಡುಗನಾಗಿದ್ದಾಗಿನ ಕನಸು ಉಳಿದಿತ್ತು. ಒಬ್ಬಿಬ್ಬರು ಕೂತು ಎಲ್ಲಿ ಬೇಕೆಂದರೆ ಅಲ್ಲಿಗೆ ಹೋಗಬಲ್ಲ ಹಗುರವಾದ ಬಂಡಿ ಬೇಕೆಂದು ಅವರ ಆಸೆ. ಮೊದಲಿನ ದಿನಗಳಲ್ಲಿ ಎಂಜಿನ್ನುಗಳೇ ಭಾರವಾಗಿದ್ದುದರಿಂದ ಅದು ಆಗಿರಲಿಲ್ಲ. 1950ರ ದಶಕದಲ್ಲಿ ಹಗುರವಾದ ಸಣ್ಣ ಎಂಜಿನ್ನುಗಳು ಪೇಟೆಗೆ ಬಂದವು. ಹಿರಿಯ ಮಗ ಜರ್ಮೇನ್ ಅವರು ಕೀಲುಗಳೇ ಇಲ್ಲದ, ಒಂದೇ ತುಂಡಿನ ರಬ್ಬರ್ ಪಟ್ಟೆಯನ್ನು ತಯಾರಿಸಿದರು. ತಂದೆಯ ವಿದ್ಯೆ, ಮಗನ ಪಟ್ಟೆ, ಹೊಸ ಎಂಜಿನ್ ಮೂರೂ ಕೂಡಿ 1959ರಲ್ಲಿ ಸ್ಕೀ-ಡೂ ಎಂಬ ಸಣ್ಣ ಬಂಡಿ ಹೊರಬಂತು. ಮೊದಲು ಇಡಬೇಕೆಂದಿದ್ದ ಹೆಸರು ಸ್ಕೀ-ಡಾಗ್, ಅಂದರೆ ಹಿಮದಲ್ಲಿ ಜಾರುಬಂಡಿ ಎಳೆಯುವ ನಾಯಿಯ ಬದಲಿಗೆ ಬಂದ ಬಂಡಿ ಎಂದು; ಅಕ್ಷರ ತಪ್ಪಿ ಬೇರೆ ಹೆಸರಾಯಿತು ಎಂದು ಹೇಳುತ್ತಾರೆ.

ಇದರ ಒಂದು ಮಾದರಿ ಹೋದದ್ದು ಎಲ್ಲಿಗೆ ಗೊತ್ತೇ? ಒಂಟಾರಿಯೊ ಪ್ರಾಂತದ ಉತ್ತರ ಭಾಗದಲ್ಲಿ, ಮೂಲನಿವಾಸಿಗಳ ನಡುವೆ ಕೆಲಸ ಮಾಡುತ್ತಿದ್ದ ಮೋರಿಸ್ ಉಮೆ ಎಂಬ ಪಾದ್ರಿಗೆ. ಅಲ್ಲಿಯತನಕ ಅಲ್ಲಿ ನಾಯಿಗಳು ಎಳೆಯುವ ಬಂಡಿಯೇ ಗತಿ. ಪಾದ್ರಿಗಳು, ಬೇಟೆಗಾರರು, ಅದಿರು ಹುಡುಕುವವರು, ಅರಣ್ಯದ ನೌಕರರು ಇದನ್ನು ಕೊಳ್ಳುತ್ತಾರೆ ಎಂದು ಬೊಂಬಾರ್ಡಿಯರ್ ಎಣಿಸಿದ್ದರು. ಮೊದಲ ಚಳಿಗಾಲದಲ್ಲಿ 225 ಬಂಡಿಗಳು ಹೋದವು. ಆದರೆ ಪೇಟೆಯ ಜನ ಇದನ್ನು ಕಂಡರು. ರಜದ ದಿನ ಹಿಮದ ಬಯಲಿನಲ್ಲಿ ಓಡಾಡಲು ಇದಕ್ಕಿಂತ ಮೋಜಿನ ವಸ್ತು ಇಲ್ಲ ಎಂದುಕೊಂಡರು. 1963-64ರ ಚಳಿಗಾಲಕ್ಕೆ ಮಾರಾಟ 8,210ಕ್ಕೆ ಏರಿತು.

ಈ ಮೋಜಿನ ವ್ಯಾಪಾರದ ಬಗ್ಗೆ ಬೊಂಬಾರ್ಡಿಯರ್‌ಗೆ ಅಳುಕಿತ್ತು. ಒಮ್ಮೆ ಮಾರಾಟ ಕುಸಿದದ್ದನ್ನು ಕಂಡವರು ಅವರು. ಹುಚ್ಚಿನಂತೆ ಬಂದ ಬೇಡಿಕೆ ಹಾಗೆಯೇ ಹೋದರೆ ಏನು ಗತಿ ಎಂದು, ಕೆಲಸದ ಟ್ರ್ಯಾಕ್ಟರುಗಳ ತಯಾರಿಕೆಯನ್ನು ಅವರು ಕೈಬಿಡಲಿಲ್ಲ. ಆದರೆ ಮುಂದಿನದನ್ನು ನೋಡಲು ಅವರಿಗೆ ಆಯುಷ್ಯವಿರಲಿಲ್ಲ. ಕ್ಯಾನ್ಸರ್ ಕಾಯಿಲೆಯಿಂದ 1964ರ ಫೆಬ್ರವರಿ 18ರಂದು, ತಮ್ಮ 56ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅವರ ನಂತರ

ಮಗ ಜರ್ಮೇನ್ ಕೆಲಕಾಲ ಕಂಪನಿ ನೋಡಿಕೊಂಡರು. 1966ರಿಂದ ಅಳಿಯ ಲೊರಾಂ ಬೋದ್ವಾಂ ನಡೆಸಿದರು. ಆ ದಿನಗಳಲ್ಲಿ ಹಿಮದ ಬಂಡಿಯ ವ್ಯಾಪಾರ ಹೇಗೆ ಬೆಳೆಯಿತೆಂದರೆ, 1970-71ರ ಒಂದೇ ಚಳಿಗಾಲದಲ್ಲಿ ಉತ್ತರ ಅಮೆರಿಕದಲ್ಲಿ ಸುಮಾರು 5 ಲಕ್ಷ ಬಂಡಿಗಳು ಮಾರಾಟವಾದವು. ನೂರಕ್ಕೂ ಹೆಚ್ಚು ಕಂಪನಿಗಳು ಹುಟ್ಟಿಕೊಂಡಿದ್ದವು. ಅವುಗಳಲ್ಲಿ ಹೆಸರಾದ ಪೊಲಾರಿಸ್ ಕಂಪನಿ ಮೊದಲು ಅಮೆರಿಕದ ಮಿನ್ನೆಸೋಟ ರಾಜ್ಯದ ರೋಸೊ ಎಂಬ ಸಣ್ಣ ಊರಿನಲ್ಲಿ ಬೇಸಾಯದ ಉಪಕರಣ ಮಾಡುತ್ತಿತ್ತು. 1973ರಲ್ಲಿ ಪೆಟ್ರೋಲಿನ ಬೆಲೆ ಏರಿದಾಗ ಮೋಜಿನ ಬಂಡಿ ಕೊಳ್ಳುವವರು ಕಡಿಮೆಯಾದರು. ಕಂಪನಿಗಳಲ್ಲಿ ಹೆಚ್ಚಿನವು ಮುಚ್ಚಿಹೋದವು. ಬೊಂಬಾರ್ಡಿಯರ್ ಅವರ ಅಳುಕು ನಿಜವಾಯಿತು.

ಅವರ ಕಂಪನಿ ಉಳಿದದ್ದು ಅವರು ಹಿಂದೆ ಮಾಡಿದಂತೆಯೇ ಕೆಲಸ ಬದಲಿಸಿದ್ದರಿಂದ. 1974ರಲ್ಲಿ ಮಾಂಟ್ರಿಯಲ್ ನಗರದ ಸುರಂಗ ರೈಲಿಗೆ ಬೋಗಿಗಳನ್ನು ಮಾಡಿಕೊಡುವ ಗುತ್ತಿಗೆ ಹಿಡಿಯಿತು. 1986ರಲ್ಲಿ ವಿಮಾನ ತಯಾರಿಸುವ ಕಾರ್ಖಾನೆಯನ್ನು ಕೊಂಡಿತು. ದೆಹಲಿಯ ಮೆಟ್ರೊ ರೈಲಿನಲ್ಲಿ ಹೋದವರು ನಿಮ್ಮಲ್ಲಿ ಯಾರಾದರೂ ಇದ್ದರೆ, ನೀವು ಕೂತ ಬೋಗಿ ಗುಜರಾತಿನ ವಡೋದರ ಬಳಿಯ ಸಾವ್ಲಿಯಲ್ಲಿ ಈ ಕಂಪನಿ ಕಟ್ಟಿದ ಕಾರ್ಖಾನೆಯದಾಗಿದ್ದಿರಬಹುದು. ಆ ರೈಲು ವಿಭಾಗವನ್ನು 2021ರಲ್ಲಿ ಆಲ್‌ಸ್ಟಮ್ ಎಂಬ ಫ್ರಾನ್ಸಿನ ಕಂಪನಿ ಕೊಂಡಿತು. ಹಿಮದ ಬಂಡಿಯ ವಿಭಾಗ 2003ರಲ್ಲೇ ಬೇರೆಯಾಗಿ, ಬಿ.ಆರ್.ಪಿ. ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಅದರ ಮುಖ್ಯ ಕಚೇರಿ ಇರುವುದು ಅದೇ ವಾಲ್‌ಕೋರಿನಲ್ಲಿ. ಸ್ಕೀ-ಡೂ ಜೊತೆಗೆ, ನೀರಿನ ಮೇಲೆ ಮೋಟಾರ್ ಸೈಕಲಿನಂತೆ ಕೂತು ಓಡಿಸುವ ಸೀ-ಡೂ ಎಂಬ ಬಂಡಿಯನ್ನೂ ಅದು ಮಾಡುತ್ತದೆ. ಸೀ-ಡೂ ಮೊದಲು ಬಂದದ್ದು 1968ರಲ್ಲಿ; ಆಗ ನಡೆಯಲಿಲ್ಲ. 1988ರಲ್ಲಿ ಮತ್ತೆ ತಂದಾಗ ನಡೆಯಿತು. ಊರಿನಲ್ಲಿರುವ ಬೊಂಬಾರ್ಡಿಯರ್ ಸಂಗ್ರಹಾಲಯದಲ್ಲಿ ಅವರ ಹಳೆಯ ಬಂಡಿಗಳನ್ನು ಇಂದಿಗೂ ನೋಡಬಹುದು.

ಇನ್ನೊಂದು ಮುಖ

ಒಂದು ಯಂತ್ರ ಹಳ್ಳಿಗೆ ಬಂದಾಗ ಒಳ್ಳೆಯದೇ ಆಗುತ್ತದೆ ಎಂದು ಹೇಳಲಾಗದು. ಯೂರೋಪಿನ ಉತ್ತರದಲ್ಲಿ, ಫಿನ್‌ಲೆಂಡ್ ದೇಶದಲ್ಲಿ, ಸಾಮಿ ಎಂಬ ಜನ ಹಿಮಸಾರಂಗಗಳನ್ನು ಸಾಕಿ ಬದುಕುತ್ತಾರೆ. ನಮ್ಮ ಕುರಿಗಾಹಿಗಳಂತೆ ಮಂದೆಯ ಹಿಂದೆ ಹೋಗುವ ಜನ. 1960ರ ದಶಕದ ಮೊದಲಲ್ಲಿ ಅವರ ನಡುವೆ ಹಿಮದ ಬಂಡಿ ಬಂತು. ಕೆಲವೇ ವರ್ಷಗಳಲ್ಲಿ, ಹಿಮದಲ್ಲಿ ನಡೆದು ಅಥವಾ ಸಾರಂಗ ಕಟ್ಟಿದ ಬಂಡಿಯಲ್ಲಿ ಹೋಗಿ ಮಂದೆ ಕಾಯುವವರು ಹಿಂದೆ ಬಿದ್ದರು. ಬಂಡಿ ಕೊಳ್ಳಲೇಬೇಕಾಯಿತು. ಬಂಡಿಗೆ ಹಣ, ಪೆಟ್ರೋಲಿಗೆ ಹಣ, ಬಿಡಿಭಾಗಕ್ಕೆ ಹಣ. ಇದಕ್ಕಾಗಿ ಸಾರಂಗಗಳನ್ನು ಮಾರಿದರು. ಅಲ್ಲಿ ಇದ್ದು ಅಧ್ಯಯನ ಮಾಡಿದ ಪರ್ಟಿ ಪೆಲ್ಟೊ ಎಂಬ ವಿದ್ವಾಂಸರು 1973ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾರೆ. ಅನುಕೂಲವಿದ್ದವರ ಮಂದೆ ಉಳಿಯಿತು. ಅನೇಕ ಬಡ ಮನೆಗಳು ಸಾರಂಗ ಸಾಕುವುದನ್ನೇ ಬಿಡಬೇಕಾಯಿತು.

ಯಂತ್ರ ಅದೇ. ವಾಲ್‌ಕೋರಿನಲ್ಲಿ ವೈದ್ಯರನ್ನು ರೋಗಿಯ ಮನೆಗೆ ಮುಟ್ಟಿಸಿತು. ಸಾಮಿ ಜನರಲ್ಲಿ ಬಡವನ ಮಂದೆ ಕರಗಿಸಿತು. ಬೊಂಬಾರ್ಡಿಯರ್ ತಮ್ಮ ಊರಿನ ಕೊರತೆ ನೋಡಿ, ಹತ್ತು ಚಳಿಗಾಲ ಪ್ರಯೋಗ ಮಾಡಿ ಬಂಡಿ ತಂದರು. ಸಾಮಿಗಳಿಗೆ ಅದು ಹೊರಗಿನಿಂದ, ಬೆಲೆಚೀಟಿಯೊಡನೆ ಬಂತು. ಟ್ರ್ಯಾಕ್ಟರೋ, ಕಟಾವು ಯಂತ್ರವೋ, ಯಾವುದೇ ಆಗಲಿ, ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲು ಕೆಲವು ಪ್ರಶ್ನೆಗಳನ್ನು ನೀವು ಹಾಕಿಕೊಳ್ಳಬೇಕು. ಇದು ನನ್ನ ಹೊಲದ ಯಾವ ಕೊರತೆಯನ್ನು ನೀಗುತ್ತದೆ? ವರ್ಷದಲ್ಲಿ ಎಷ್ಟು ದಿನ ಓಡುತ್ತದೆ? ಕೆಟ್ಟರೆ ರಿಪೇರಿ ಮಾಡುವವರು ಹತ್ತಿರದಲ್ಲಿದ್ದಾರೆಯೇ? ಇರುವ ಟ್ರ್ಯಾಕ್ಟರಿಗೇ ಒಂದು ಉಪಕರಣ ಜೋಡಿಸಿದರೆ ಸಾಲದೇ? ನಾಲ್ಕು ಮನೆಯವರು ಸೇರಿ ಕೊಂಡರೆ ಆಗದೇ?

ಇನ್ನೊಂದು ಮಾತು. ನಿಮ್ಮ ಊರಿನ ಕಮ್ಮಾರಸಾಲೆಯಲ್ಲಿ, ವೆಲ್ಡಿಂಗ್ ಅಂಗಡಿಯಲ್ಲಿ, ಪಂಪ್‌ಸೆಟ್ ರಿಪೇರಿ ಮಾಡುವ ಜಾಗದಲ್ಲಿ ಎಳೆಯ ಹುಡುಗನೊಬ್ಬ ಹಳೆಯ ಎಂಜಿನ್ ಬಿಚ್ಚಿಕೊಂಡು ಕೂತಿದ್ದರೆ ಅವನನ್ನು ಗದರಿಸಬೇಡಿ. ನಿಮ್ಮ ಹೊಲದಲ್ಲಿ ನಿಮ್ಮನ್ನು ಕಾಡುವ ತೊಂದರೆ ಯಾವುದೆಂದು ಅವನಿಗೆ ಹೇಳಿ, ಕರೆದುಕೊಂಡು ಹೋಗಿ ತೋರಿಸಿ. ಕೈ ಕಾಲಿಗೆ ಅಪಾಯವಾಗುವಂಥದ್ದಾದರೆ ಆಲ್ಫ್ರೆಡ್ ಬೊಂಬಾರ್ಡಿಯರ್ ಮಾಡಿದಂತೆ ಬಿಚ್ಚಿಸಿಬಿಡಿ; ಆಮೇಲೆ ಅವರೇ ಮಾಡಿದಂತೆ ಗ್ಯಾರೇಜು ಹಾಕಲು ನೆರವಾಗಿ. ಕೊಟ್ಟ ಹಣ ಲೆಕ್ಕದಲ್ಲಿರಲಿ, ದುಡಿದು ತೀರಿಸಲಿ.